ಅಮ್ಮನ ಮೊಣಕೈ ಎತ್ತರ

ಫೆಬ್ರವರಿ 4

ತಮ್ಮ ಮಹಾಶಯರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ಕಾಗದ ಬರೆಯುವವರ ರೂಢಿ. ಇಲ್ಲಿ ನೀನು ಕಳಿಸಿದ ವಾಷಿಂಗ್ ಮಷಿನ್ ಕ್ಷೇಮ. ಉಳಿದವರ ಸುದ್ದಿ ಕೆಳಗಿದೆ, ವ್ಯವಧಾನವಿದ್ದರೆ ಓದು.

ಇಬ್ಬರು ಗಟ್ಟಿಗರು ಅದನ್ನು ಮೂರು ಮಹಡಿ ಹೊತ್ತು ತಂದರು. ತಿರುವು ತಿರುವಿನಲ್ಲೂ ನಿಂತು, ಏದುಸಿರು ಬಿಟ್ಟು, ಮತ್ತೆ ಎತ್ತಿ. ಪಟ್ಟಾಭಿಷೇಕದ ದೃಶ್ಯದಲ್ಲಿ ಅಪ್ಪನನ್ನು ಸಿಂಹಾಸನದ ಸಮೇತ ರಂಗಕ್ಕೆ ಹೊತ್ತು ತರುತ್ತಿದ್ದರಲ್ಲ, ಥೇಟ್ ಹಾಗೆ. ಎದುರುಮನೆ ಟೀಚರಮ್ಮ ಬಾಗಿಲು ಸರಿಸಿ ಇಣುಕಿದರು. ತಮ್ಮ ಕಳಿಸಿದ್ದಾನೆ ಎಂದು ನಾನು ಬೀದಿಯ ತುದಿಗೂ ಕೇಳುವಂತೆ ಸಾರಿದೆ. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ತಲುಪಬೇಕು ಎಂದು ಅಪ್ಪ ಕಲಿಸಿದ್ದು, ಅಪ್ಪ ಹೋಗಿ, ನಾಟಕದ ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾದರೂ ನನ್ನ ಗಂಟಲು ಬಿಟ್ಟು ಹೋಗಿಲ್ಲ.

ಇನ್ನು ಮುಖ್ಯ ದೃಶ್ಯ. ಅಡುಗೆಕಟ್ಟೆಯ ಕೆಳಗೆ, ಸಿಂಕಿನ ಪಕ್ಕ, ನೀನು ಹೇಳಿದ ಜಾಗಕ್ಕೇ ತಳ್ಳಿದೆವು. ಯಂತ್ರದ ತಲೆ ಕಲ್ಲಿಗೆ ಢಣ್ ಎಂದು ಬಡಿಯಿತು. ಕಲ್ಲಿನ ತಳಕ್ಕಿಂತ ಅದು ನಾಲ್ಕು ಬೆರಳು ಎತ್ತರ. ಕಲ್ಲು ಎತ್ತಿಸಬೇಕಾಗುತ್ತೆ ನೋಡಿ ಎಂದು ಹೊತ್ತು ತಂದವರು ಜೋರಾಗಿಯೇ ಹೇಳಿ, ಸಹಿ ಹಾಕಿಸಿಕೊಂಡು ಇಳಿದು ಹೋದರು. ಈಗ ಅದು ಅಡುಗೆಮನೆಯ ನಟ್ಟನಡುವೆ ಪ್ಲಾಸ್ಟಿಕ್ ಹೊದ್ದುಕೊಂಡು, ಮಾತು ಮರೆತ ನಟನ ಹಾಗೆ ನಿಂತಿದೆ. ನಾನು ಅಡ್ಡಡ್ಡ ನುಸುಳಿ ಒಲೆ ಮುಟ್ಟಬೇಕು. ಅಮ್ಮನ ವಾಕರ್ ಅಂತೂ ಬಾಗಿಲು ದಾಟುವಂತಿಲ್ಲ. ಬಚ್ಚಲಿನಲ್ಲಿ ಇಡೋಣವೆಂದರೆ ಅಲ್ಲಿ ನಾನೊಬ್ಬಳು ಬಗ್ಗಿದರೇ ಬೆನ್ನು ಬಾಗಿಲಿಗೆ ತಾಗುತ್ತದೆ.

ಅಮ್ಮ ಬಿದ್ದು ನಾಲ್ಕು ತಿಂಗಳಾಯಿತು. ಕಂಬಿ ಹಾಕಿದ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯಂತೆ. ಮಂಚ ನಡುಮನೆಯಲ್ಲಿದೆ, ಅಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ದಿನಕ್ಕೆ ಎರಡು ಹಾಸಿಗೆಬಟ್ಟೆ, ನಾಲ್ಕು ಮೈಬಟ್ಟೆ, ಎಲ್ಲ ನನ್ನ ಕೈಯಲ್ಲೇ. ಸೋಪಿನ ನೀರಿಗೆ ಅಂಗೈ ಹಳೆಯ ಪರದೆಯ ಹಾಗೆ ಸೀಳುತ್ತಿದೆ.

ಫೋನಿನಲ್ಲಿ ನಾವಿಬ್ಬರು ಮಾತಾಡಿದರೆ ಮೂರನೇ ಮಾತಿಗೆ ನನ್ನ ದನಿ ಏರುತ್ತದೆ, ಅಮ್ಮನ ಕಿವಿಗೆ ಬೀಳುತ್ತದೆ. ಆದ್ದರಿಂದ ಕಾಗದ. ಜನರ ಅಡುಗೆಮನೆ ಕಟ್ಟುವುದೇ ನಿನ್ನ ಕಸುಬು. ಒಂದು ದಿನ ಬಂದು ಇದನ್ನು ಕೂರಿಸಿಕೊಟ್ಟು ಹೋಗು.

ನಿನ್ನ ಅಕ್ಕ

*

ಫೆಬ್ರವರಿ 11

ಅಕ್ಕ,

ಯಂತ್ರದ ಎತ್ತರ 85 ಸೆಂಟಿಮೀಟರ್. ಯಾವ ಅಂಗಡಿಯದಾದರೂ ಅಷ್ಟೇ. ಹದಿನೈದು ವರ್ಷದಿಂದ ನಾನು ಮಾಡಿದ ಪ್ರತಿ ಕಟ್ಟೆಯ ಕೆಳಗೂ ಅದು ಕೂತಿದೆ. ನಿನ್ನ ಅಳತೆ ತಪ್ಪಿರಬೇಕು. ಬೆರಳಲ್ಲಿ ಅಳೆಯಬೇಡ, ಟೇಪು ಹಿಡಿ. ನೆಲದಿಂದ ಕಲ್ಲಿನ ತಳಕ್ಕೆ. ಎಡ, ನಡು, ಬಲ, ಮೂರು ಕಡೆ.

ಯಂತ್ರದ ಬೆನ್ನಿನಲ್ಲಿ ನಾಲ್ಕು ಉದ್ದ ಬೋಲ್ಟುಗಳಿವೆ. ಸಾಗಿಸುವಾಗ ಒಳಗಿನ ಡ್ರಮ್ಮು ಅಲ್ಲಾಡದಿರಲಿ ಎಂದು ಬಿಗಿದದ್ದು. ಚಾಲೂ ಮಾಡುವ ಮೊದಲು ಬಿಚ್ಚಿಬಿಡು. ಇಲ್ಲದಿದ್ದರೆ ಯಂತ್ರ ಕುಣಿಯುತ್ತದೆ.

ಎರಡು ಮೂರು ಸೆಂಟಿಮೀಟರ್ ಕಡಿಮೆ ಬಿದ್ದರೆ ಮೇಲಿನ ಮುಚ್ಚಳ ತೆಗೆಯಬಹುದು. ಹಿಂದೆ ಎರಡು ಸ್ಕ್ರೂ. ಮುಚ್ಚಳ ತೆಗೆದರೆ ಆ ಜಾಗಕ್ಕೆ ತಗಡು ಹಾಕಲೇಬೇಕು, ಸಿಂಕಿನ ನೀರು ವೈರಿಗೆ ಇಳಿಯಬಾರದು.

ಈ ತಿಂಗಳು ಬರಲು ಆಗುವುದಿಲ್ಲ. ಎರಡು ಮನೆಯ ಕೆಲಸ ಅರ್ಧಕ್ಕೆ ನಿಂತಿದೆ.

ತಮ್ಮ

*

ಫೆಬ್ರವರಿ 20

ಅಳತೆಗಾರ ತಮ್ಮನಿಗೆ,

ಟೇಪು ಹಿಡಿದೆ. ಮೊಣಕಾಲೂರಿ, ಕನ್ನಡಕ ಏರಿಸಿ, ಎಡ, ನಡು, ಬಲ. ಎಪ್ಪತ್ತೇಳು, ಎಪ್ಪತ್ತೇಳು, ಎಪ್ಪತ್ತೇಳು. ಕೂದಲೆಳೆಯ ವ್ಯತ್ಯಾಸವಿಲ್ಲ, ಕೆಲಸದಲ್ಲಿ ನೀನು ಎತ್ತಿದ ಕೈ, ಒಪ್ಪಿದೆ. ಎಂಟು ಸೆಂಟಿಮೀಟರ್ ಕಡಿಮೆ. ಮುಚ್ಚಳ ತೆಗೆದರೂ ಐದು ಉಳಿಯುತ್ತದೆ.

ಈಗ ಕಣ್ಣು ಮುಚ್ಚಿಕೋ, ಪರದೆ ಎತ್ತುತ್ತೇನೆ. ಇದೇ ಅಡುಗೆಮನೆ. ಕಂಪನಿ ಮುಚ್ಚಿದ ವರ್ಷ. ರಂಗದ ಸಿಂಹಾಸನಕ್ಕೆ ಮೊಳೆ ಹೊಡೆದುಕೊಂಡಿದ್ದ ಹತ್ತೊಂಬತ್ತರ ನೀನು ಮೊದಲ ಬಾರಿ ನಿಜವಾದ ಮನೆಗೆ ನಿಜವಾದ ಕಟ್ಟೆ ಕಟ್ಟಲು ಹೊರಟಿದ್ದೀಯ. ಅಮ್ಮನನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಈರುಳ್ಳಿ ಹೆಚ್ಚುವ ಹಾಗೆ ಕೈ ಮಡಿಸು ಅಂದೆ. ಮೊಣಕೈ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಕಚಗುಳಿ ಇಡಬೇಡ್ವೋ ಎಂದು ಅವಳು ನಕ್ಕು ಗೆರೆ ಸೊಟ್ಟಗಾಯಿತು. ಆ ಗೆರೆಯಿಂದ ಕೆಳಕ್ಕೆ ಅರ್ಧ ಗೇಣು ಅಳೆದು ಕಲ್ಲು ಕೂರಿಸಿದೆ. ಜೀವಮಾನವಿಡೀ ಕಂಪನಿಯ ಬಟ್ಟೆ ಒಗೆದು ಬಗ್ಗಿದ್ದೀಯ, ಇನ್ನು ಬಗ್ಗಬೇಡ, ಏಗಬೇಡ, ಇದು ನಿನ್ನ ಎತ್ತರ ಅಂದೆ. ಆ ಮಾತಿಗೆ ನಾನು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆ. ಗೆರೆ ಇನ್ನೂ ಇದೆ, ಉಪ್ಪಿನ ಡಬ್ಬಿಯ ಹಿಂದೆ.

ಅಂದರೆ ಏನಾಯಿತು ಗೊತ್ತೇ? ಊರವರ ಕಟ್ಟೆಗಳ ಎತ್ತರ ನಿನಗೆ ಬಾಯಿಪಾಠ. ನಿನ್ನ ಅಮ್ಮ ಎಷ್ಟು ಎತ್ತರ ಎನ್ನುವುದನ್ನು ಮರೆತು ನೀನು ಯಂತ್ರ ಕೊಂಡೆ.

ಮರೆತದ್ದು ಇವತ್ತಲ್ಲ. ಆರು ವರ್ಷದ ಹಿಂದೆ ನಿನ್ನ ಹೊಸ ಮನೆ ನೋಡಲು ಅವಳನ್ನು ಕರೆತಂದಿದ್ದೆ. ನಿನ್ನ ಹೊಳೆಯುವ ಕಟ್ಟೆಯ ಮುಂದೆ ನಿಂತು, ಇದು ನನ್ನ ಎದೆಗೇ ಬರುತ್ತಲ್ಲೋ, ಸ್ಟೂಲು ಕೊಡು ಎಂದು ಅವಳು ತಮಾಷೆ ಮಾಡಿದಳು. ಅಷ್ಟು ಜನರ ಎದುರು ನೀನು ಅಂದೆ: "ಇದು ನಿನಗೋಸ್ಕರ ಮಾಡಿದ್ದಲ್ಲಮ್ಮ." ಎಲ್ಲರ ಜೊತೆ ಅವಳೂ ನಕ್ಕಳು. ವಾಪಸು ಬರುವಾಗ ಬಸ್ಸಿನಲ್ಲಿ ಐದು ಗಂಟೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಆಮೇಲೆ ಅವಳು ನಿನ್ನ ಮನೆಗೆ ಬರಲಿಲ್ಲ, ನೀನು ನಮ್ಮ ಮೆಟ್ಟಿಲು ಹತ್ತಲಿಲ್ಲ.

ಅಕ್ಕ

*

ಮಾರ್ಚ್ 6

ಅಕ್ಕ,

ನೀನು ರಂಗದ ಮೇಲೆ ಇಲ್ಲ. ಹಳೆಯದನ್ನೆಲ್ಲ ಎತ್ತಿ ಆಡಬೇಡ. ಆ ದಿನ ನಾನು ಅಂದದ್ದು ತಮಾಷೆಗೆ. ಅವಳೂ ತಮಾಷೆಗೇ ಅಂದಿದ್ದಳು.

ಮರೆತಿರಬಹುದು. ವರ್ಷಕ್ಕೆ ಮೂವತ್ತು ಅಡುಗೆಮನೆ ಮಾಡುತ್ತೇನೆ.

ದಾರಿ ಒಂದೇ. ಕಲ್ಲನ್ನು ಎತ್ತಿ, ಕೆಳಗೆ ಇಟ್ಟಿಗೆ ಕೊಟ್ಟು, ಹತ್ತು ಸೆಂಟಿಮೀಟರ್ ಮೇಲೆ ಕೂರಿಸಬೇಕು. ಯಾವ ಗಾರೆಯವನಿಗಾದರೂ ಒಂದು ದಿನದ ಕೆಲಸ. ನಿನಗೂ ಬೆನ್ನು ಬಗ್ಗಿಸುವುದು ತಪ್ಪುತ್ತದೆ, ನೀನು ಅವಳಿಗಿಂತ ಎತ್ತರ ಇದ್ದೀಯ.

ಅಮ್ಮ ಆ ಕಟ್ಟೆಯ ಮುಂದೆ ಇನ್ನು ನಿಲ್ಲುವುದಿಲ್ಲ ಅಕ್ಕ. ಡಾಕ್ಟರು ನಿನಗೆ ಹೇಳಿದ್ದನ್ನು ನೀನೇ ನನಗೆ ಹೇಳಿದ್ದೀಯ.

ತಮ್ಮ

*

ಮಾರ್ಚ್ 15

ತಮ್ಮಾ,

ನಿನ್ನ ಕಾಗದ ಬಂದಾಗ ಅಮ್ಮ ಎಚ್ಚರವಾಗಿದ್ದಳು. ಅವನದಾ, ಗಟ್ಟಿಯಾಗಿ ಓದು ಅಂದಳು. ಈಗ ಅವಳಿಗೆ ಅಕ್ಷರ ಕಾಣುವುದಿಲ್ಲ, ಕನ್ನಡಕ ಹಾಕಿದರೂ ಇರುವೆ ಹರಿದ ಹಾಗೆ ಅನ್ನುತ್ತಾಳೆ.

ನಿಲ್ಲುವುದಿಲ್ಲ ಎಂಬ ನಿನ್ನ ಕೊನೆಯ ಸಾಲನ್ನು ಯಾವ ಬಾಯಲ್ಲಿ ಓದಲಿ? ಕಾಗದವನ್ನು ಎರಡು ಕೈಯಲ್ಲಿ ಹಿಡಿದೆ, ಗಂಟಲು ಸರಿ ಮಾಡಿಕೊಂಡೆ, ಅದರಲ್ಲಿ ಇಲ್ಲದ್ದನ್ನು ಓದಿದೆ. ಅಮ್ಮಾ, ಕಾಲು ಹೇಗಿದೆ, ವೇಳೆಗೆ ಸರಿಯಾಗಿ ಮಾತ್ರೆ ತಗೋ, ಅಕ್ಕ ಜೋರು ಮಾಡಿದರೆ ಹೊಟ್ಟೆಗೆ ಹಾಕಿಕೋ ಎಂದು ನೀನು ಬರೆದಿರುವಂತೆ ಓದಿದೆ. ನಡುವೆ ಅವಳು ಕೈ ಎತ್ತಿ ನಿಲ್ಲಿಸಿ, ಕಲ್ಲು ಎತ್ತಿಸೋ ಮಾತೇನಾದರೂ ಬರೆದಿದ್ದಾನಾ ಎಂದು ಕೇಳಿದಳು. ಅಂದು ಹೊತ್ತು ತಂದವರು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಇಲ್ಲ ಎಂದು ನಾನು ಪುಟ ತಿರುವಿದೆ. ನಿನ್ನ ಕಲ್ಲನ್ನು ಯಾರೂ ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನಮ್ಮ, ನಾನೇ ಬಂದು ಬೇರೆ ದಾರಿ ಹುಡುಕುತ್ತೇನೆ ಎಂದು ಓದಿದೆ. ಪುಟದ ಹಿಂಬದಿ ಖಾಲಿ ಇತ್ತು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ಅವಳು ಅಂದದ್ದು ಇಷ್ಟು: "ನೋಡು, ಅವನಿಗೆ ನೆನಪಿದೆ. ಆ ಕಲ್ಲು ಅಲ್ಲಿದ್ರೆ ನಾನು ಎದ್ದು ಹೋಗಬೇಕು ಅನಿಸುತ್ತೆ. ಅದನ್ನೂ ಎತ್ತಿಬಿಟ್ರೆ ನಾನು ಏಳೋದು ಯಾತಕ್ಕೆ?"

ನಿನಗೆ ಗೊತ್ತಿಲ್ಲದ್ದು ಒಂದಿದೆ. ಮಂಚದಿಂದ ಕಟ್ಟೆಗೆ ಹನ್ನೊಂದು ಹೆಜ್ಜೆ. ಎಣಿಸಿ ಇಟ್ಟುಕೊಂಡಿದ್ದಾಳೆ. ಪ್ರತಿ ಬೆಳಿಗ್ಗೆ ವಾಕರ್ ಹಿಡಿದು, ಹಲ್ಲು ಕಚ್ಚಿ, ಹೆಜ್ಜೆ ಎಣಿಸುತ್ತಾಳೆ. ಇವತ್ತಿಗೆ ನಾಲ್ಕು. ನಿಂತು ಒಂದು ಈರುಳ್ಳಿ ಹೆಚ್ಚಬೇಕಂತೆ, ಅಷ್ಟೇ ಆಸೆ. ಡಾಕ್ಟರಿಗೆ ನಾಲ್ಕು ಹೆಜ್ಜೆಯ ವಿಷಯ ಹೇಳಿದರೆ ಅವರೇ ಹುಬ್ಬು ಏರಿಸಿದರು.

ಇತ್ತ ನನ್ನ ಕೈ. ಬೆರಳ ಸಂದಿನಲ್ಲಿ ರಕ್ತ ಬರುತ್ತಿದೆ. ಎರಡು ತಿಂಗಳು ನೀರು ಮುಟ್ಟಬೇಡಿ ಎಂದು ಅದೇ ಡಾಕ್ಟರು ಹೇಳಿದರು, ನಾನು ನಕ್ಕುಬಿಟ್ಟೆ. ಏಪ್ರಿಲ್ 26ಕ್ಕೆ ಕಂಬಿ ಪರೀಕ್ಷೆಗೆ ಅಮ್ಮನನ್ನು ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಒಮ್ಮೆ ಬಾ. ಕಲ್ಲು ಎತ್ತಲೇಬೇಕಿದ್ದರೆ ಅವಳ ಮುಖ ನೋಡಿ ನೀನೇ ಕೇಳು. ಬೇಡ ಅಂದರೆ ಬೇರೆ ಉಪಾಯ ಮಾಡು. ನಿನ್ನ ಪಾತ್ರವನ್ನು ನಾನು ಎಷ್ಟು ದಿನ ಆಡಲಿ?

ಅಕ್ಕ

*

ಏಪ್ರಿಲ್ 8

ಅಕ್ಕ,

ನೀನು ಓದಿದ ಕಾಗದ ನಾನು ಬರೆದದ್ದಲ್ಲ. ಅದರ ಹೊಣೆ ನನ್ನ ಮೇಲೆ ಹಾಕಬೇಡ.

ನಿಮ್ಮ ಊರಲ್ಲಿ ನನಗೆ ಗೊತ್ತಿರುವ ಗಾರೆಯವರು ಒಬ್ಬರಿದ್ದಾರೆ. 26ಕ್ಕೆ ಬೆಳಿಗ್ಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿರುವಾಗ ಮುಗಿಸಿಬಿಡಿ. ಕೇಳಿದರೆ ಬೇಡ ಅನ್ನುತ್ತಾಳೆ. ಆದಮೇಲೆ ಒಗ್ಗಿಕೊಳ್ಳುತ್ತಾಳೆ. ಎಲ್ಲ ಮನೆಯಲ್ಲೂ ಹೀಗೇ, ನಾನು ನೋಡಿದ್ದೇನೆ.

ನಿನ್ನ ಕೈಯ ಬಗ್ಗೆ ಬರೆದಿದ್ದೀಯ. ಹಾಗಾದರೆ ಯೋಚನೆ ಯಾಕೆ?

ನಾನು ಬಂದರೆ ಮಾತು ಬೆಳೆಯುತ್ತದೆ.

ತಮ್ಮ

*

ಏಪ್ರಿಲ್ 30

ತಮ್ಮಾ,

ಮಾಡಿದೆ. ನಿನ್ನ ಬುದ್ಧಿ, ನನ್ನ ಕೈ.

ಟೀಚರಮ್ಮ ಆಸ್ಪತ್ರೆಯಲ್ಲಿ ಅಮ್ಮನ ಬಳಿ ಕೂತರು. ಮನೆಗೆ ಪೇಂಟು ಬಳಿಸುತ್ತಿದ್ದೇನೆ ಎಂದು ಇಬ್ಬರಿಗೂ ಸುಳ್ಳು ಹೇಳಿ ನಾನು ಇಲ್ಲಿ ನಿಂತೆ. ನಿನ್ನ ಗಾರೆಯವರು ಒಳ್ಳೆಯವರು, ಮಾತು ಕಡಿಮೆ. ಉಳಿ ಹಾಕಿ ಸುತ್ತ ಬಿಡಿಸಿದರು, ಕಲ್ಲು ಮೇಲೆದ್ದಿತು, ಕೆಳಗೆ ಇಟ್ಟಿಗೆ ಕೂತಿತು. ಉಪ್ಪಿನ ಡಬ್ಬಿ ಸರಿಸಿದಾಗ ಗೆರೆ ಕಂಡು, ಇದು ಯಾರು ಹಾಕಿದ ಗುರುತು, ಉಳಿಸಬೇಕಾ ಎಂದು ಕೇಳಿದರು. ಯಾರದೂ ಅಲ್ಲ ಅಂದೆ. ಎತ್ತಿದ ಕಲ್ಲು ಸರಿಯಾಗಿ ಅದೇ ಗೆರೆಯ ಮೇಲೆ ಬಂತು, ಉಳಿದದ್ದರ ಮೇಲೆ ಸಿಮೆಂಟು ಬಿತ್ತು.

ಬೋಲ್ಟು ನಾಲ್ಕೂ ಬಿಚ್ಚಿಸಿದೆ. ಯಂತ್ರದ ಕಾಲು ತಿರುಗಿಸಿ ಮಟ್ಟ ನೋಡಿದರು. ಯಂತ್ರ ಕಲ್ಲಿನ ಕೆಳಗೆ ಸರಕ್ಕನೆ ಸರಿಯಿತು, ಕರೆದ ತಕ್ಷಣ ರಂಗಕ್ಕೆ ಬರುವ ಪಳಗಿದ ನಟನ ಹಾಗೆ. ಓಡಿಸಿದೆ. ಕಟ್ಟೆಯ ಮೇಲಿಟ್ಟ ಲೋಟದ ನೀರು ಅಲುಗಲಿಲ್ಲ. ನಾನು ನೆಲದ ಮೇಲೆ ಕೂತು, ಗಾಜಿನೊಳಗೆ ಬಟ್ಟೆ ತಿರುಗುವುದನ್ನು ಪೂರ್ತಿ ನೋಡಿದೆ. ಏಳು ತಿಂಗಳಲ್ಲಿ ಮೊದಲ ಸಲ ನನ್ನ ಕೈ ನನ್ನ ಮಡಿಲಲ್ಲಿ ಸುಮ್ಮನೆ ಇತ್ತು. ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

27ರ ಸಂಜೆ ಅಮ್ಮ ಬಂದಳು. ಮಂಚದಿಂದ ಬಾಗಿಲಷ್ಟೇ ಕಾಣುತ್ತದಲ್ಲ, ಏನೂ ತಿಳಿಯಲಿಲ್ಲ. ಆದರೆ ಮೂರು ತಿಂಗಳಿಂದ ಬಾಗಿಲಿಗೆ ಅಡ್ಡ ನಿಂತಿದ್ದ ಯಂತ್ರ ಅಲ್ಲಿಲ್ಲ, ದಾರಿ ತೆರವಾಗಿದೆ ಎನ್ನುವುದು ಕಂಡಿತು. ಅವನು ಬಂದು ದಾರಿ ಹುಡುಕಿದನಾ ಎಂದು ಕೇಳಿದಳು. ನಾನು ಹೂಂ ಅಂದೆ. ಅವಳ ಮುಖ ಆಗ ಹೇಗಿತ್ತು ಎಂದು ನಾನು ಬರೆಯುವುದಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬಚ್ಚಲಿನಲ್ಲಿದ್ದೆ. ವಾಕರಿನ ಸದ್ದು ಕೇಳಿತು. ಆಸ್ಪತ್ರೆಗೆ ಹೋಗುವ ಮುಂಚೆ ಎಂಟು ಹೆಜ್ಜೆಗೆ ಬಂದಿದ್ದಳು. ಒಂಬತ್ತು ಕೇಳಿತು. ಹತ್ತು ಕೇಳಿತು. ಓಡಿ ಬಂದೆ. ಹನ್ನೊಂದು. ಕಟ್ಟೆಯ ಮುಂದೆ ನಿಂತಿದ್ದಾಳೆ, ಒಬ್ಬಳೇ, ಯಾರ ಕೈಯೂ ಹಿಡಿಯದೆ. ವಾಕರ್ ಬಿಟ್ಟು ಎರಡು ಕೈಯನ್ನೂ ಎತ್ತಿ ಕಲ್ಲಿನ ಮೇಲೆ ಇಟ್ಟಳು. ಎತ್ತಿ, ತಮ್ಮಾ. ಸೊಂಟ ಬಗ್ಗಿ ಕುಗ್ಗಿದ್ದಾಳೆ. ಕಲ್ಲು ಅವಳ ಎದೆಗೆ ಬಂದಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಸಣ್ಣ ಹುಡುಗಿ ನಿಂತ ಹಾಗೆ ನಿಂತಿದ್ದಳು. ಅಂಗೈಯಲ್ಲಿ ಕಲ್ಲನ್ನು ಅತ್ತಿಂದಿತ್ತ ಸವರಿದಳು. ಗೋಡೆಯ ಮೂಲೆಯಲ್ಲಿ ಬೆರಳಾಡಿಸಿ ಹಸಿ ಸಿಮೆಂಟು ಮುಟ್ಟಿದಳು.

"ಇದೂ ನನಗೋಸ್ಕರ ಮಾಡಿದ್ದಲ್ಲ, ಬಿಡು," ಅಂದಳು.

ಬೈಯಲಿಲ್ಲ, ಅಳಲಿಲ್ಲ. ತಿರುಗಿದಳು. ಹನ್ನೊಂದು ಹೆಜ್ಜೆ ವಾಪಸು ಹೋದಳು, ಈ ಸಲ ಎಣಿಸಲಿಲ್ಲ. ಮಲಗಿ ಗೋಡೆಯ ಕಡೆ ಹೊರಳಿದಳು. ಇಂದಿಗೆ ಎರಡು ದಿನ. ಎದ್ದಿಲ್ಲ. ವಾಕರ್ ಮಂಚದ ಕೆಳಗೆ ತಳ್ಳಿಸಿದ್ದಾಳೆ.

ಆರು ವರ್ಷ ನಿನ್ನ ಮಾತನ್ನು ಕಚ್ಚಿ ಹಿಡಿದು ನಿನ್ನನ್ನು ಬೈದೆ. ಈಗ ಅದೇ ಮಾತು ನನ್ನ ಕಟ್ಟೆಯ ಮೇಲೆ ಬಿದ್ದಿದೆ.

ಅಕ್ಕ

*

ಮೇ 9

ಅಕ್ಕ,

ನಿನ್ನ ಕಾಗದ ಓದಿ ನನ್ನ ಅಡುಗೆಮನೆಗೆ ಹೋದೆ. ಮೊಣಕಾಲು ಮಡಿಸಿ, ಕುಗ್ಗಿ, ಅಮ್ಮನ ಎತ್ತರಕ್ಕೆ ನಿಂತೆ. ಕಲ್ಲು ಎದೆಗೆ ಬಂತು. ಒಲೆಯ ಮೇಲೆ ಏನಿದೆ ಕಾಣಲಿಲ್ಲ. ಹೆಂಡತಿ ಬಂದು ಏನು ಮಾಡ್ತಿದ್ದೀರಿ ಅಂದಳು. ಅಳತೆ ಅಂದೆ.

70 ಸೆಂಟಿಮೀಟರಿನ ಪುಟ್ಟ ಯಂತ್ರ ಒಂದಿದೆ. ಒಂದು ಸಲಕ್ಕೆ ಒಂದೇ ಹಾಸಿಗೆಬಟ್ಟೆ ಹಿಡಿಯುತ್ತದೆ. ಅದು ಇದೆ ಎಂದು ನನಗೆ ಮೊದಲೇ ಗೊತ್ತಿತ್ತು. ಹುಡುಕಿ ತರಿಸುವ ಗೋಜು ಬೇಡ ಅನಿಸಿತ್ತು.

24ಕ್ಕೆ ಬರುತ್ತೇನೆ. ಕಲ್ಲು ಇಳಿಸುತ್ತೇನೆ. ನಾನೇ, ನನ್ನ ಕೈಯಿಂದ. ಗೆರೆ ಹೋಯಿತು ಅಂದೆ. ವಯಸ್ಸಾದ ಮೇಲೆ ಮೈ ಕುಗ್ಗುತ್ತದೆ, ಹಳೆಯ ಅಳತೆ ಹೇಗೂ ಸರಿಹೋಗುವುದಿಲ್ಲ. ಅವಳನ್ನು ಗೋಡೆಗೆ ನಿಲ್ಲಿಸಿ ಮೊಣಕೈಯ ಎತ್ತರ ಹೊಸದಾಗಿ ತೆಗೆದು ಕಳಿಸು. ಕಲ್ಲಿನ ಕೆಳಗೆ ಕೊಡುವ ಮರ ಮೊದಲೇ ಕತ್ತರಿಸಿ ತರುತ್ತೇನೆ.

ಕೆಳಗಿನದನ್ನು ಅಮ್ಮನಿಗೆ ಓದು. ಇದ್ದ ಹಾಗೇ ಓದು, ನಿನ್ನದೊಂದು ಮಾತೂ ಸೇರಿಸಬೇಡ.

ಅಮ್ಮಾ, ತಪ್ಪಾಯಿತು. ನಿನ್ನ ಕಲ್ಲನ್ನು ನಿನ್ನ ಎತ್ತರಕ್ಕೆ ಇಳಿಸಿಕೊಡುತ್ತೇನೆ. ನಾನು ಬರುವವರೆಗೆ ದಿನಕ್ಕೆ ಒಂದು ಹೆಜ್ಜೆಯಾದರೂ ಇಡು.

ತಮ್ಮ

*

ಮೇ 16

ತಮ್ಮಾ,

ಓದಿದೆ. ಇದ್ದ ಹಾಗೇ ಓದಿದೆ. ದನಿ ಏರಿಸಲಿಲ್ಲ, ಎಲ್ಲೂ ನಿಲ್ಲಿಸಲಿಲ್ಲ, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ. ನನ್ನ ಜನ್ಮದಲ್ಲಿ ಇಷ್ಟು ಸಪ್ಪೆಯಾಗಿ ನಾನು ಏನನ್ನೂ ಓದಿರಲಿಲ್ಲ.

ಅಮ್ಮ ಗೋಡೆ ನೋಡಿಕೊಂಡೇ ಕೇಳಿದಳು. ಮುಗಿದ ಮೇಲೆ, ಸಾಕು ಮಾಡಮ್ಮ ಅಂದಳು. ನನಗೆ ಅರ್ಥವಾಗಲಿಲ್ಲ.

"ಇಷ್ಟು ದಿನ ಓದಿದ್ದೂ ನೀನೇ ಕಟ್ಟಿದ್ದು ಅಂತ ನನಗೆ ಗೊತ್ತಿತ್ತು. ಚೆನ್ನಾಗಿ ಓದ್ತಿದ್ದೆ, ಕೇಳ್ತಿದ್ದೆ. ಇದು ಮಾತ್ರ ಚೆನ್ನಾಗಿಲ್ಲ. ಅವನು ತಪ್ಪಾಯಿತು ಅಂತ ಬರೆಯೋನಲ್ಲ."

ಇದು ಅವನದೇ ಅಮ್ಮ, ಅವನ ಅಕ್ಷರ ನೋಡು ಎಂದು ಕಾಗದವನ್ನು ಅವಳ ಕಣ್ಣ ಮುಂದೆ ಹಿಡಿದೆ. ಬರೀ ಇರುವೆ, ಅಂದಳು. ಟೀಚರಮ್ಮನನ್ನು ಕರೆದು ತಂದು ಅವರ ಬಾಯಲ್ಲಿ ಓದಿಸಿದೆ. ನೀನು ಅವರಿಗೂ ಹೇಳಿಕೊಟ್ಟಿದ್ದೀಯ ಅಂದಳು. ಫೋನು ಕಿವಿಗೆ ಕೊಡುತ್ತೇನೆ, ಅವನ ಜೊತೆ ಮಾತಾಡು ಅಂದೆ. ಕಣ್ಣು ಮುಚ್ಚಿಕೊಂಡಳು. ಕೊನೆಯ ಸಾಲಿಗೂ ಕೇಳಿಸುವ ಗಂಟಲು ಇಟ್ಟುಕೊಂಡು ಮೂರು ಮೊಳ ದೂರದಲ್ಲಿ ಮಲಗಿದವಳಿಗೆ ಒಂದು ನಿಜವನ್ನು ನಂಬಿಸಲಾರದೆ ಹೋದೆ.

ನೀನು ಕೇಳಿದ ಅಳತೆ ಸಿಗಲಿಲ್ಲ. ಮೊಣಕೈಯ ಎತ್ತರ ತೆಗೆಯಬೇಕಾದರೆ ಮನುಷ್ಯರು ನಿಲ್ಲಬೇಕು.

24ಕ್ಕೆ ಬರುವುದಾದರೆ ಬಾ, ಬಾಗಿಲು ತೆರೆದಿರುತ್ತದೆ. ಬಂದು ಹೇಳಬೇಕಾದ್ದನ್ನು ನೀನೇ ಹೇಳು. ನಿನ್ನ ಪರವಾಗಿ ಆಡಲು ನನ್ನ ಬಳಿ ಇನ್ನು ಮಾತಿಲ್ಲ. ಪುಟ್ಟ ಯಂತ್ರವನ್ನು ಮಾತ್ರ ತರಬೇಡ, ಒಂದೇ ಹಾಸಿಗೆಬಟ್ಟೆ ಹಿಡಿಯುವಂಥದ್ದು ನಮಗೆ ಸಾಲುವುದಿಲ್ಲ. ಬಚ್ಚಲಿಗೂ ಅವಳು ಈಗ ಎದ್ದು ಹೋಗುವುದಿಲ್ಲವಾದ್ದರಿಂದ ಎರಡಿದ್ದದ್ದು ದಿನಕ್ಕೆ ಐದಾಗಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓಡಿಸುತ್ತೇನೆ. ನನ್ನ ಕೈ ವಾಸಿಯಾಗಿದೆ.

ಇದನ್ನು ಬರೆಯುತ್ತಿರುವುದೂ ಆ ಕಟ್ಟೆಯ ಮೇಲೆಯೇ, ನಿಂತುಕೊಂಡು. ನನಗೆ ಸರಿಯಾದ ಎತ್ತರ. ಕೆಳಗೆ ಯಂತ್ರ ಓಡುತ್ತಿದೆ, ಅಕ್ಷರ ಒಂದೂ ಅಲುಗಿಲ್ಲ ನೋಡು.

ಅಕ್ಕ